ಕೆಚ್ಚಲಿನ ಮೇಲೆ ಗುಳ್ಳೆ ಏಕೆ ಏಳುತ್ತವೆ?



ಆಕಳು ಕರು ಹಾಕಿ ಇನ್ನೂ ತಿಂಗಳಾಗಿರುವುದಿಲ್ಲ, ಹಾಲು ಚೆನ್ನಾಗಿ ಇಳಿಯುತ್ತಿರುತ್ತದೆ. ಒಂದು ದಿನ ಮೊಲೆಯ ಬುಡದಲ್ಲಿ ಸಾಸಿವೆ ಕಾಳಿನಷ್ಟು ದಪ್ಪದ ನಾಲ್ಕೈದು ಗುಳ್ಳೆಗಳು ಕಾಣಿಸುತ್ತವೆ. ಎರಡು ಮೂರು ದಿನಗಳಲ್ಲಿ ಅವು ಕೀವು ತುಂಬಿ ಹಳದಿಯಾಗುತ್ತವೆ, ಒಡೆಯುತ್ತವೆ, ಹಕ್ಕಳೆ ಕಟ್ಟುತ್ತವೆ. ಆಕಳು ಕೈ ಮುಟ್ಟಗೊಡದೆ ಒದೆಯಲು ಶುರು ಮಾಡುತ್ತದೆ. ವಾರ ಕಳೆಯುವುದರೊಳಗೆ ಪಕ್ಕದಲ್ಲಿ ಕಟ್ಟಿದ ಎಮ್ಮೆಯ ಕೆಚ್ಚಲಿನಲ್ಲೂ ಅದೇ ಗುಳ್ಳೆಗಳು. ಸೇಡಂ ತಾಲ್ಲೂಕಿನ ಕೋಡ್ಲಾ ಸುತ್ತಲಿನ ಹಳ್ಳಿಗಳಿಗೆ ಹೋಗಲಿ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಗೆ ಹೋಗಲಿ, ಸದಸ್ಯರು ಕೇಳುವ ಪ್ರಶ್ನೆ ಒಂದೇ: "ಡಾಕ್ಟರ್ ಸಾಹೇಬರೇ, ಇದು ಉಷ್ಣದಿಂದ ಆದದ್ದಲ್ಲವೇ? ಹಿಂಡಿ ನಿಲ್ಲಿಸಲೇ?"

ಹಿಂಡಿ ನಿಲ್ಲಿಸಬೇಡಿ. ಕೆಚ್ಚಲಿನ ಮೇಲಿನ ಗುಳ್ಳೆ ಬಹುಮಟ್ಟಿಗೆ ಹೊಟ್ಟೆಯಿಂದ ಬರುವುದಲ್ಲ, ಹಿಂಡುವ ಕೈಯಿಂದ ಬರುವುದು. ಈ ಒಂದು ಮಾತನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮನುಷ್ಯರ ಮೊಡವೆ, ಆಕಳಿನ ಮೊಡವೆ

ಹರೆಯದ ಮಕ್ಕಳ ಮುಖದಲ್ಲಿ ಮೊಡವೆ ಏಳುವುದನ್ನು ನಾವೆಲ್ಲ ನೋಡಿದ್ದೇವೆ. ಚರ್ಮದ ಪ್ರತಿಯೊಂದು ಕೂದಲಿನ ಬುಡದಲ್ಲಿ ಒಂದು ಸಣ್ಣ ಚೀಲವಿದ್ದು, ಅದಕ್ಕೆ ಹೊಂದಿಕೊಂಡು ಎಣ್ಣೆಯಂಥ ಜಿಡ್ಡನ್ನು ಸ್ರವಿಸುವ ಗ್ರಂಥಿ ಇರುತ್ತದೆ. ಹರೆಯದಲ್ಲಿ ಕೆಲವು ಹಾರ್ಮೋನುಗಳು ಹೆಚ್ಚಿ ಈ ಜಿಡ್ಡೂ ಹೆಚ್ಚುತ್ತದೆ. ಜಿಡ್ಡು ಮತ್ತು ಚರ್ಮದ ಸತ್ತ ಕಣಗಳು ಸೇರಿ ರಂಧ್ರವನ್ನು ಮುಚ್ಚುತ್ತವೆ. ಒಳಗೆ ಸಿಕ್ಕಿದ ರೋಗಾಣುಗಳು ಬೆಳೆದು ಬಾವು ಬರುತ್ತದೆ. ಇದೇ ಮೊಡವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ, ಮುಖ ತೊಳೆಯದೆ ಇದ್ದುದರಿಂದ ಬರುವುದೂ ಅಲ್ಲ.

ಪಶುವೈದ್ಯ ಗ್ರಂಥಗಳಲ್ಲಿಯೂ "ಕೆಚ್ಚಲಿನ ಮೊಡವೆ" ಎಂಬ ಹೆಸರಿದೆ. ಹೆಸರು ಒಂದೇ ಆದರೂ ಕಾರಣ ಬೇರೆ. ಇಲ್ಲಿಯೂ ಕೆಡುವುದು ಕೂದಲಿನ ಬುಡದ ಚೀಲವೇ. ಆದರೆ ಅಲ್ಲಿ ಹಾರ್ಮೋನಿನ ಆಟವಿಲ್ಲ. ಸ್ಟೆಫಿಲೋಕಾಕಸ್ ಎಂಬ ರೋಗಾಣು ಹೊರಗಿನಿಂದ ಬಂದು, ತರಚಿದ ಅಥವಾ ಒದ್ದೆಯಾಗಿ ಮೆತ್ತಗಾದ ಚರ್ಮದಲ್ಲಿ ನೆಲೆಯೂರುತ್ತದೆ. 2ರಿಂದ 4 ಮಿಲಿಮೀಟರ್ ಅಗಲದ ಕೀವುಗುಳ್ಳೆಗಳು ಮೊದಲು ಮೊಲೆಯ ಬುಡದಲ್ಲಿ, ನಂತರ ಕೆಚ್ಚಲಿನ ತುಂಬ ಏಳುತ್ತವೆ. ಅಲಕ್ಷಿಸಿದರೆ ಕೆಲವು ಗುಳ್ಳೆಗಳು ಆಳಕ್ಕಿಳಿದು ಕುರುವಾಗುತ್ತವೆ. ಮನುಷ್ಯರ ಮೊಡವೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ, ಇದು ಅಂಟುತ್ತದೆ.

ಕೈಯಿಂದ ಕೆಚ್ಚಲಿಗೆ

ಈ ರೋಗಾಣು ಎಲ್ಲಿಂದ ಬರುತ್ತದೆ? ಆರೋಗ್ಯವಂತ ಜನರಲ್ಲಿಯೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ಇದ್ದೇ ಇರುತ್ತದೆ. ಬೆರಳಿನ ಗಾಯ, ಉಗುರುಸುತ್ತು, ಕುರು ಇವುಗಳಲ್ಲಂತೂ ಧಾರಾಳವಾಗಿರುತ್ತದೆ. ಅದು ಕೆಚ್ಚಲಿಗೆ ತಲುಪುವ ದಾರಿಗಳು ಹೀಗಿವೆ:

1. ಕೈ ತೊಳೆಯದೆ ಒಂದು ಆಕಳನ್ನು ಹಿಂಡಿ, ಹಾಗೆಯೇ ಇನ್ನೊಂದರ ಕೆಳಗೆ ಕುಳಿತುಕೊಳ್ಳುವುದು.

2. ಒಂದೇ ಬಟ್ಟೆಯಿಂದ ಎಲ್ಲ ಹೈನುರಾಸುಗಳ ಕೆಚ್ಚಲನ್ನು ಒರೆಸುವುದು. ಒದ್ದೆ ಬಟ್ಟೆಯಲ್ಲಿ ರೋಗಾಣುಗಳು ಬೆಳಗಿನಿಂದ ಸಂಜೆಯ ತನಕ ಬೆಳೆಯುತ್ತಲೇ ಇರುತ್ತವೆ.

3. ಮೊಲೆ ಜಾರಲೆಂದು ಎಣ್ಣೆ ಅಥವಾ ಬೆಣ್ಣೆ ಹಚ್ಚುವಾಗ ಒಂದೇ ಬಟ್ಟಲಿನಲ್ಲಿ ಮತ್ತೆ ಮತ್ತೆ ಬೆರಳು ಅದ್ದುವುದು. ಮೊದಲ ಆಕಳಿನ ಕೀವು ಬಟ್ಟಲಿಗೆ, ಬಟ್ಟಲಿನಿಂದ ಎರಡನೆಯ ಆಕಳಿಗೆ.

4. ಹಾಲಿನಲ್ಲಿಯೇ ಬೆರಳು ಒದ್ದೆ ಮಾಡಿಕೊಂಡು ಹಿಂಡುವುದು. ಹಾಲು ರೋಗಾಣುಗಳಿಗೆ ಒಳ್ಳೆಯ ಊಟ.

5. ಹೆಬ್ಬೆರಳು ಮಡಚಿ ಅದರ ಗೆಣ್ಣಿನಿಂದ ಮೊಲೆಯನ್ನು ಒತ್ತಿ ಹಿಂಡುವುದು, ಉದ್ದ ಉಗುರು ಬಿಡುವುದು. ಇವುಗಳಿಂದ ಮೊಲೆಯ ಚರ್ಮ ತರಚುತ್ತದೆ.

ನೆಲದ ವಿಷಯವನ್ನೂ ಹೇಳಬೇಕು. ನಮ್ಮ ಕಡೆ ಕಲ್ಲಿಗೆ ಬರವಿಲ್ಲ. ಮನೆಗೂ ಕೊಟ್ಟಿಗೆಗೂ ಶಹಾಬಾದಿ ಪರಸಿ ಹಾಸುವುದು ರೂಢಿ. ಪರಸಿ ಒಳ್ಳೆಯದೇ, ತೊಳೆಯಲು ಸುಲಭ. ಆದರೆ ಎರಡು ಪರಸಿಗಳ ನಡುವಿನ ಸಂದು ತೆರೆದಿದ್ದರೆ ಗಂಜಲ ಅಲ್ಲಿಯೇ ನಿಂತು, ಮಲಗಿದ ಆಕಳಿನ ಕೆಚ್ಚಲು ರಾತ್ರಿಯಿಡೀ ಒದ್ದೆಯಾಗಿರುತ್ತದೆ. ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿ, ಕಾಲುವೆಯ ಕಡೆಗೆ ಇಳಿಜಾರು ಕೊಡಿರಿ. ನುಣುಪು ಪರಸಿಯ ಮೇಲೆ ದನ ಜಾರುವುದರಿಂದ ಒರಟು ಮೈಯನ್ನು ಮೇಲಕ್ಕೆ ಮಾಡಿ ಹಾಸಬೇಕು. ಕೊಟ್ಟಿಗೆಗೆ ಸುಣ್ಣ ಹಾಕಿದ ದಿನ ಅದು ಪೂರ್ತಿ ಒಣಗುವ ತನಕ ದನಗಳನ್ನು ಒಳಗೆ ಕಟ್ಟಬಾರದು. ಹಸಿ ಸುಣ್ಣ ಮೊಲೆಯ ಚರ್ಮವನ್ನು ಸುಡುತ್ತದೆ. ಸುಟ್ಟ ಚರ್ಮದಲ್ಲಿ ಗುಳ್ಳೆ ಬೇಗ ಏಳುತ್ತದೆ.

"ಉಷ್ಣ"ದ ಮಾತು

ಗುಳ್ಳೆ ಕಂಡ ಕೂಡಲೇ ಅನೇಕರು ಹತ್ತಿಕಾಳು ಹಿಂಡಿ, ತೊಗರಿ ಚುನ್ನಿ, ಪಶು ಆಹಾರ ಎಲ್ಲವನ್ನೂ ನಿಲ್ಲಿಸಿ ಬರೀ ಜೋಳದ ಕಣಿಕೆ ಹಾಕುತ್ತಾರೆ. ಇದರಿಂದ ಏನಾಗುತ್ತದೆ ನೋಡಿರಿ. ಆಕಳಿಗೆ ಪ್ರತಿ 2.5 ಲೀಟರ್ ಹಾಲಿಗೆ 1 ಕಿಲೋ, ಎಮ್ಮೆಗೆ ಪ್ರತಿ 2 ಲೀಟರ್ ಹಾಲಿಗೆ 1 ಕಿಲೋ ಪಶು ಆಹಾರ ಬೇಕೆಂಬುದು ಸಾಮಾನ್ಯ ಲೆಕ್ಕ. ಮೈಗೆ ಬೇಕಾದ 1ರಿಂದ 1.5 ಕಿಲೋ ಬೇರೆ. ದಿನಕ್ಕೆ 8 ಲೀಟರ್ ಕೊಡುವ ಆಕಳಿಗೆ ಒಟ್ಟು 4 ಕಿಲೋಗೂ ಮೇಲೆ ಬೇಕು. ಇದನ್ನು ಒಮ್ಮೆಲೇ ನಿಲ್ಲಿಸಿದರೆ ಹಾಲು ಇಳಿಯುತ್ತದೆ, ಮೈ ಸೊರಗುತ್ತದೆ, ಮುಂದೆ ಬೆದೆಗೆ ಬರುವುದೂ ತಡವಾಗುತ್ತದೆ. ಗುಳ್ಳೆ ಮಾತ್ರ ಹಾಗೆಯೇ ಇರುತ್ತದೆ, ಏಕೆಂದರೆ ಕೈ ಬದಲಾಗಿಲ್ಲ, ಬಟ್ಟೆ ಬದಲಾಗಿಲ್ಲ.

ಆಹಾರಕ್ಕೂ ಚರ್ಮಕ್ಕೂ ಸಂಬಂಧವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸಂಬಂಧವಿದೆ, ಆದರೆ ನಾವು ತಿಳಿದ ರೀತಿಯಲ್ಲಲ್ಲ. ಚರ್ಮ ಗಟ್ಟಿಯಾಗಿರಲು, ಗಾಯ ಬೇಗ ಮಾಯಲು ಎ ಜೀವಸತ್ವ ಮತ್ತು ಸತು ಬೇಕು. ನಮ್ಮ ಭಾಗದ ಬೇಸಿಗೆಯಲ್ಲಿ ಹಸಿರು ಮೇವು ಸಿಗದೆ, ತಿಂಗಳುಗಟ್ಟಲೆ ಒಣ ಕಣಿಕೆ ಮತ್ತು ತೊಗರಿ ಹೊಟ್ಟಿನ ಮೇಲೆಯೇ ದನಗಳು ಬದುಕಬೇಕಾಗುತ್ತದೆ. ಆಗ ಎ ಜೀವಸತ್ವದ ಕೊರತೆಯಾಗಿ ಚರ್ಮ ಒರಟಾಗುತ್ತದೆ, ಗಾಯ ಮಾಯುವುದಿಲ್ಲ. ಆದ್ದರಿಂದ ಗುಳ್ಳೆ ಎದ್ದ ಆಕಳಿಗೆ ಆಹಾರ ಕಡಿಮೆ ಮಾಡುವ ಬದಲು ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಮತ್ತು ಸಿಕ್ಕಷ್ಟು ಹಸಿರು ಮೇವು ಕೊಡಬೇಕು.

ಗುಳ್ಳೆ ಎಲ್ಲ ಒಂದೇ ಅಲ್ಲ

ಕೆಚ್ಚಲಿನ ಮೇಲೆ ಕಾಣುವುದೆಲ್ಲ ಮೊಡವೆಯಲ್ಲ. ಈ ಕೆಳಗಿನ ಗುರುತುಗಳನ್ನು ತಿಳಿದುಕೊಂಡರೆ ಯಾವಾಗ ಅವಸರ ಮಾಡಬೇಕೆಂಬುದು ಗೊತ್ತಾಗುತ್ತದೆ.

ಕೆಚ್ಚಲಿನ ಮೊಡವೆ: ಸಣ್ಣ ಹಳದಿ ಕೀವುಗುಳ್ಳೆಗಳು, ಹೆಚ್ಚಾಗಿ ಕೂದಲಿರುವ ಜಾಗದಲ್ಲಿ. ಸಾಮಾನ್ಯವಾಗಿ ಜ್ವರವಿಲ್ಲ, ಮೇವು ಬಿಡುವುದಿಲ್ಲ.

ಎಮ್ಮೆ ಸಿಡುಬು ಮತ್ತು ಗೋಸಿಡುಬು: ಮೊದಲು ಕೆಂಪು ಗಂಧೆ, ನಂತರ ನೀರುಗುಳ್ಳೆ, ಆಮೇಲೆ ನಡುವೆ ತಗ್ಗಾದ ಕೀವುಗುಳ್ಳೆ, ಕೊನೆಗೆ ದಪ್ಪ ಕಪ್ಪು ಹಕ್ಕಳೆ. ಮೊಲೆಯ ಮೇಲೆಯೇ ಹೆಚ್ಚು. ಹಿಂಡುವವರ ಕೈಗೂ ಬರುತ್ತದೆ.

ಹುಸಿ ಗೋಸಿಡುಬು: ಮೊಲೆಯ ಮೇಲೆ ಉಂಗುರದ ಅಥವಾ ಕುದುರೆ ಲಾಳದ ಆಕಾರದ ಹಕ್ಕಳೆ. ತೀವ್ರತೆ ಕಡಿಮೆ, ಆದರೆ ಮತ್ತೆ ಮತ್ತೆ ಬರಬಹುದು. ಹಿಂಡುವವರ ಬೆರಳಿನಲ್ಲಿ ಗಂಟು ಏಳಬಹುದು.

ಕಾಲುಬಾಯಿ ಜ್ವರ: ಮೊಲೆಯ ಮೇಲೆ ನೀರುಗುಳ್ಳೆ. ಅದರ ಜೊತೆಗೆ ಬಾಯಲ್ಲಿ ಜೊಲ್ಲು, ಗೊರಸಿನ ಸಂದಿನಲ್ಲಿ ಹುಣ್ಣು, ಹೆಚ್ಚಿನ ಜ್ವರ. ಬಾಯಿ ಮತ್ತು ಕಾಲನ್ನು ನೋಡದೆ ಬರೀ ಕೆಚ್ಚಲಿಗೆ ಔಷಧ ಹಚ್ಚುತ್ತ ಕೂಡಬೇಡಿ.

ಚರ್ಮಗಂಟು ರೋಗ: ಇಡೀ ಮೈಮೇಲೆ 2ರಿಂದ 5 ಸೆಂಟಿಮೀಟರ್ ಅಗಲದ ಗಟ್ಟಿ ಗಂಟುಗಳು, ತೀವ್ರ ಜ್ವರ, ಕಾಲು ಬಾವು, ಹಾಲು ಒಮ್ಮೆಲೇ ಇಳಿಯುವುದು. ನಮ್ಮ ದೇಶದಲ್ಲಿ 2019ರಲ್ಲಿ ಒಡಿಶಾದಲ್ಲಿ ಮೊದಲು ಕಂಡ ಈ ರೋಗ 2022ರಲ್ಲಿ ಕರ್ನಾಟಕದಲ್ಲಿಯೂ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳಿಂದ ಹರಡುತ್ತದೆ. ಮನುಷ್ಯರಿಗೆ ಬರುವುದಿಲ್ಲ.

ಬಿಸಿಲಿನ ಸುಟ್ಟ ಗಾಯ: ಬಿಳಿ ಚರ್ಮದ ಎಚ್.ಎಫ್. ಮಿಶ್ರತಳಿ ಆಕಳುಗಳಲ್ಲಿ ಬೇಸಿಗೆಯಲ್ಲಿ ಕಾಣುತ್ತದೆ. ಬಿಳಿ ಭಾಗ ಮಾತ್ರ ಕೆಂಪಾಗಿ ಸುಲಿಯುತ್ತದೆ, ಕಪ್ಪು ಭಾಗ ಚೆನ್ನಾಗಿರುತ್ತದೆ. ಲಂಟಾನದಂಥ ವಿಷಗಿಡ ತಿಂದಾಗಲೂ ಹೀಗಾಗುತ್ತದೆ. ನೆರಳೇ ಮೊದಲ ಔಷಧ.

ಉಣ್ಣೆ ಕಡಿತ: ಕೆಚ್ಚಲು ಮತ್ತು ತೊಡೆಯ ಸಂದಿಯಲ್ಲಿ ಉಣ್ಣೆ ಕಚ್ಚಿದ ಕಡೆ ಗಂಧೆ, ಅದನ್ನು ಕೆರೆದಾಗ ಹುಣ್ಣು. ಕೈಯಿಂದ ತಡವಿ ನೋಡಿದರೆ ಉಣ್ಣೆ ಸಿಕ್ಕುತ್ತದೆ.

ಹಿಂಡುವವರ ಕೈಗಳ ಬಗ್ಗೆ

ಹಾಲು ಹಿಂಡುವವರಲ್ಲಿ ಹೆಚ್ಚಿನವರು ನಮ್ಮ ತಾಯಂದಿರು, ಅಕ್ಕತಂಗಿಯರು. ಆದ್ದರಿಂದ ಎಮ್ಮೆ ಸಿಡುಬಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈ ರೋಗವನ್ನು 1934ರಲ್ಲಿ ಲಾಹೋರಿನಲ್ಲಿ ಮೊದಲು ಗುರುತಿಸಲಾಯಿತು. ಇದರ ವೈರಸ್, ಮನುಷ್ಯರ ಸಿಡುಬಿನ ಲಸಿಕೆಯಲ್ಲಿ ಬಳಸುತ್ತಿದ್ದ ವೈರಸ್ಸಿನದೇ ಒಂದು ಬಗೆ. ನೆರೆಯ ಮಹಾರಾಷ್ಟ್ರದಲ್ಲಿ 1985-87ರಲ್ಲಿ, ಮತ್ತೆ 2009ರಲ್ಲಿ ಎಮ್ಮೆಗಳಿಂದ ಜನರಿಗೆ ಇದು ಹರಡಿದ್ದು ದಾಖಲಾಗಿದೆ. ಬೆರಳು, ಅಂಗೈ, ಮುಂಗೈಗಳಲ್ಲಿ ನೋಯುವ ಗುಳ್ಳೆ, ಜ್ವರ, ಕಂಕುಳಲ್ಲಿ ಗಡ್ಡೆ ಇದರ ಲಕ್ಷಣಗಳು.

ಗೋಸಿಡುಬಿಗೂ ಲಸಿಕೆಗೂ ಇರುವ ನಂಟು ಹಳೆಯದು. ಇಂಗ್ಲೆಂಡಿನಲ್ಲಿ ಹಾಲು ಹಿಂಡುವ ಹೆಣ್ಣುಮಕ್ಕಳ ಕೈಗೆ ಗೋಸಿಡುಬು ಬಂದರೆ ಅವರಿಗೆ ಮಾರಕವಾದ ದೊಡ್ಡ ಸಿಡುಬು ಬರುವುದಿಲ್ಲವೆಂಬ ಮಾತು ಜನರಲ್ಲಿತ್ತು. ಎಡ್ವರ್ಡ್ ಜೆನ್ನರ್ ಎಂಬ ವೈದ್ಯರು 1796ರಲ್ಲಿ ಅಂಥ ಒಬ್ಬಳ ಕೈಯ ಗುಳ್ಳೆಯಿಂದ ದ್ರವ ತೆಗೆದು ಎಂಟು ವರ್ಷದ ಹುಡುಗನಿಗೆ ಚುಚ್ಚಿ ಆ ಮಾತನ್ನು ಪರೀಕ್ಷಿಸಿದರು. "ವ್ಯಾಕ್ಸಿನ್" ಎಂಬ ಶಬ್ದವೇ ಆಕಳು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಸಿಡುಬು ಭೂಮಿಯಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಆ ಲಸಿಕೆಯೂ ನಿಂತಿತು. ಅದರ ಪರಿಣಾಮವಾಗಿ, ತೋಳಿನ ಮೇಲೆ ಸಿಡುಬಿನ ಲಸಿಕೆಯ ಗುರುತಿರುವ ಹಿರಿಯರಿಗೆ ಇದ್ದ ರಕ್ಷಣೆ ಇಂದು ಹಿಂಡುತ್ತಿರುವ ಹರೆಯದ ಸೊಸೆಯಂದಿರಿಗೆ, ಮಕ್ಕಳಿಗೆ ಇಲ್ಲ. ಮನೆಯಲ್ಲಿ ಎಮ್ಮೆಗೆ ಗುಳ್ಳೆ ಎದ್ದಾಗ "ನಾನೂ ಹಿಂಡಿದ್ದೆ, ನನಗೇನೂ ಆಗಲಿಲ್ಲ" ಎಂದು ಅತ್ತೆಯವರು ಹೇಳಿದರೆ ಅದು ನಿಜವೇ ಇರಬಹುದು. ಸೊಸೆಗೆ ಅದು ಅನ್ವಯಿಸುವುದಿಲ್ಲ.

ಕೆಲವು ಮನೆಗಳಲ್ಲಿ "ದೇವಿ ಬಂದಾಳ" ಎಂದು ಕೆಚ್ಚಲು ತೊಳೆಯುವುದನ್ನೇ ನಿಲ್ಲಿಸುತ್ತಾರೆ. ನಿಮ್ಮ ನಂಬಿಕೆಯನ್ನು ಬಿಡಿರೆಂದು ನಾನು ಹೇಳುವುದಿಲ್ಲ. ಬೇವಿನ ತಪ್ಪಲು ಕಟ್ಟಿರಿ, ದೇವಿಗೆ ಕೈ ಮುಗಿಯಿರಿ. ಅದರ ಜೊತೆಗೆ ಕೆಚ್ಚಲು ತೊಳೆಯಿರಿ, ನಿಮ್ಮ ಕೈಯನ್ನೂ ತೊಳೆಯಿರಿ. ಕೈಗೆ ಗುಳ್ಳೆ ಎದ್ದವರು ವಾಸಿಯಾಗುವ ತನಕ ಹಿಂಡಬಾರದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, "ನಮ್ಮ ಮನೆಯ ಎಮ್ಮೆಗೂ ಹೀಗೆ ಆಗಿದೆ" ಎಂದು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಗುಳ್ಳೆ ಕಂಡಾಗ ಮಾಡಬೇಕಾದದ್ದು

1. ಗುಳ್ಳೆ ಇರುವ ಆಕಳನ್ನು ಕಡೆಗೆ ಹಿಂಡಿರಿ. ಖರ್ಚಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ ಇದು. ಸಾಧ್ಯವಿದ್ದರೆ ಬೇರೆಯಾಗಿ ಕಟ್ಟಿರಿ.

2. ಹಿಂಡುವ ಮೊದಲು ಮತ್ತು ಪ್ರತಿ ಆಕಳಿನ ನಂತರ ಸಾಬೂನಿನಿಂದ ಮೊಣಕೈವರೆಗೆ ಕೈ ತೊಳೆಯಿರಿ. ಉಗುರು ಕತ್ತರಿಸಿರಿ.

3. 10 ಲೀಟರ್ ನೀರಿಗೆ 1 ಗ್ರಾಂ ಪೊಟ್ಯಾಷಿಯಂ ಪರ್ಮಾಂಗನೇಟ್ ಹಾಕಿದರೆ ನೀರು ತಿಳಿ ಗುಲಾಬಿ ಬಣ್ಣಕ್ಕೆ ಬರುತ್ತದೆ. ಹರಳುಗಳು ಪೂರ್ತಿ ಕರಗಿದ ಮೇಲೆ ಈ ನೀರಿನಿಂದ ಕೆಚ್ಚಲು ತೊಳೆಯಿರಿ. ಬಣ್ಣ ಗಾಢವಾದಷ್ಟೂ ಗುಣ ಹೆಚ್ಚೆಂದು ತಿಳಿಯಬೇಡಿ. ಗಾಢವಾದರೆ ಚರ್ಮ ಸುಡುತ್ತದೆ.

4. ಪ್ರತಿ ಆಕಳಿಗೆ ಬೇರೆ ಬೇರೆ ಒಣ ಬಟ್ಟೆ ಇಡಿರಿ. ಹಳೆಯ ಧೋತರವನ್ನು ತುಂಡು ಮಾಡಿಟ್ಟುಕೊಂಡರೆ ಸಾಕು. ದಿನವೂ ಕುದಿಸಿ ಬಿಸಿಲಿಗೆ ಒಣಗಿಸಿರಿ.

5. ಕೆಚ್ಚಲಿನ ಉದ್ದ ಕೂದಲನ್ನು ಜಾಗರೂಕತೆಯಿಂದ ಕತ್ತರಿಸಿರಿ. ಗುಳ್ಳೆಗಳನ್ನು ಹಿಸುಕಬೇಡಿ, ಹಕ್ಕಳೆಯನ್ನು ಕೀಳಬೇಡಿ. ತಾನಾಗಿ ಉದುರಿದ ಸಿಡುಬಿನ ಹಕ್ಕಳೆಯಲ್ಲಿ ರೋಗಾಣು ಬಹಳ ಕಾಲ ಉಳಿಯುವುದರಿಂದ ಅದನ್ನು ಸುಟ್ಟುಹಾಕಿರಿ.

6. ಹಿಂಡಿದ ಮೇಲೆ ಪಶುವೈದ್ಯರು ಹೇಳಿದ ಅಯೋಡಿನ್ ದ್ರಾವಣದಲ್ಲಿ ಮೊಲೆಗಳನ್ನು ಅದ್ದಿರಿ. ಮುಲಾಮು ಹಚ್ಚುವುದಿದ್ದರೂ ಹಿಂಡಿದ ನಂತರವೇ ಹಚ್ಚಿ, ಮುಂದಿನ ಸಲ ಹಿಂಡುವ ಮೊದಲು ಪೂರ್ತಿ ತೊಳೆಯಿರಿ. ಮುಲಾಮನ್ನು ಅಂಗೈಗೆ ಬೇಕಾದಷ್ಟೇ ತೆಗೆದುಕೊಳ್ಳಿ, ಡಬ್ಬಿಯಲ್ಲಿ ಬೆರಳು ಅದ್ದಬೇಡಿ.

7. ಹಿಂಡಿದ ಕೂಡಲೇ ಮೇವು ಹಾಕಿರಿ. ಮೊಲೆಯ ತೂತು ಮುಚ್ಚಲು ಅರ್ಧ ಗಂಟೆಯಾದರೂ ಬೇಕು. ಮೇಯುತ್ತ ನಿಂತಿದ್ದರೆ ಆಕಳು ಕೊಳೆ ನೆಲದ ಮೇಲೆ ಮಲಗುವುದಿಲ್ಲ.

8. ಜ್ವರ, ಮೇವು ಬಿಡುವುದು, ಕೆಚ್ಚಲು ಗಟ್ಟಿಯಾಗುವುದು, ಹಾಲಿನಲ್ಲಿ ಹೆಪ್ಪು, ಮೈತುಂಬ ಗಂಟು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಪಶುವೈದ್ಯರನ್ನು ಕರೆಯಿರಿ.

ನಿಜವಾದ ನಷ್ಟ ಎಲ್ಲಿದೆ?

ಗುಳ್ಳೆ ತಾನಾಗಿ ಆಕಳನ್ನು ಕೊಲ್ಲುವುದಿಲ್ಲ. ಆದರೆ ಮೊಲೆ ನೋಯುವುದರಿಂದ ಆಕಳು ಹಾಲು ಬಿಡುವುದಿಲ್ಲ, ಹಿಂಡುವವರೂ ಅರ್ಧಕ್ಕೆ ಏಳುತ್ತಾರೆ. ಒಳಗೆ ಉಳಿದ ಹಾಲಿಗೆ ಹೊರಗಿನ ಗುಳ್ಳೆಯ ರೋಗಾಣು ಮೊಲೆಯ ತೂತಿನಿಂದ ಸೇರಿದರೆ ಕೆಚ್ಚಲು ಬಾವು ಬರುತ್ತದೆ. ಈ ಸ್ಟೆಫಿಲೋಕಾಕಸ್ ಕೆಚ್ಚಲಿನ ಒಳಗೆ ಒಮ್ಮೆ ಬೇರೂರಿತೆಂದರೆ ಅದನ್ನು ತೆಗೆಯುವುದು ಬಹಳ ಕಷ್ಟ. ಎಷ್ಟೋ ಸಲ ಒಂದು ಮೊಲೆ ಶಾಶ್ವತವಾಗಿ ಬತ್ತುತ್ತದೆ. ನಾಲ್ಕು ಮೊಲೆಯ ಆಕಳು ಮೂರು ಮೊಲೆಯದಾದರೆ ಸಂತೆಯಲ್ಲಿ ಅದರ ಬೆಲೆ ಏನಾಗುತ್ತದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಎರಡನೆಯದು ಹಾಲಿನ ಮಾತು. ಕೀವು ಬೆರೆತ ಹಾಲನ್ನು "ಕಾಯಿಸಿದರೆ ಸರಿಯಾಗುತ್ತದೆ" ಎಂದು ಬಳಸಬಾರದು. ಕುದಿಸಿದಾಗ ಸ್ಟೆಫಿಲೋಕಾಕಸ್ ಸಾಯುತ್ತದೆ ನಿಜ. ಆದರೆ ಹಾಲು ಬೆಚ್ಚಗೆ ಇದ್ದಾಗ ಅದು ಉಂಟುಮಾಡುವ ವಿಷ ಕುದಿಸಿದರೂ ನಾಶವಾಗುವುದಿಲ್ಲ. ವಾಂತಿ, ಭೇದಿಗೆ ಅದು ಕಾರಣವಾಗುತ್ತದೆ. ಒಡೆದ ಗುಳ್ಳೆ ಇರುವ ಆಕಳಿನ ಹಾಲನ್ನು ಬೇರೆ ಪಾತ್ರೆಯಲ್ಲಿ ಹಿಂಡಿ, ವೈದ್ಯರ ಸಲಹೆ ಪಡೆಯಿರಿ. ಆ್ಯಂಟಿಬಯೋಟಿಕ್ ಕೊಡಿಸಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಲೇಬಾರದು. ಒಬ್ಬರ ಒಂದು ಚರಿಗೆ ಹಾಲಿನಿಂದ ಇಡೀ ಸಂಘದ ಕ್ಯಾನು ತಿರಸ್ಕೃತವಾದರೆ ನಷ್ಟ ಎಲ್ಲ ಸದಸ್ಯರದು.

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಕರುವಿಗೆ ಹಾಲು ಕುಡಿಸಬಹುದೇ?
ಉತ್ತರ: ಗುಳ್ಳೆ ಇರುವ ಮೊಲೆಗೆ ಕರು ಬಿಡಬೇಡಿ. ಕರುವಿನ ಬಾಯಿಗೆ ಹುಣ್ಣು ತಗಲಬಹುದು, ಅದರ ಹಲ್ಲಿನಿಂದ ಗುಳ್ಳೆಯೂ ಒಡೆಯುತ್ತದೆ. ಆರೋಗ್ಯವಾಗಿರುವ ಬೇರೆ ಆಕಳಿನ ಹಾಲನ್ನು ಪಾತ್ರೆಯಲ್ಲಿ ಕುಡಿಸಿರಿ.

ಪ್ರಶ್ನೆ: ಮನೆಮದ್ದು ಮಾಡಬಹುದೇ?
ಉತ್ತರ: ಮಾಡಬಹುದು. ಬೆಳ್ಳುಳ್ಳಿ, ಅರಿಶಿನ, ನೆನೆಸಿದ ಜೀರಿಗೆ, ಬೇವಿನ ಎಲೆ, ಕಾಮಕಸ್ತೂರಿ ಎಲೆಗಳನ್ನು ನುಣ್ಣಗೆ ಅರೆದು ಬೆಣ್ಣೆಯಲ್ಲಿ ಕಲಸಿ ಹಚ್ಚುವ ಕ್ರಮವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡಿದೆ. ಪ್ರತಿದಿನ ಹೊಸದಾಗಿ ಅರೆಯಿರಿ. ಆದರೆ ಸೀಮೆಎಣ್ಣೆ, ಗಾಡಿಯ ಹಳೆಯ ಆಯಿಲ್, ಬ್ಯಾಟರಿ ಪುಡಿ ಹಚ್ಚುವುದು ಮದ್ದಲ್ಲ. ಅವು ಚರ್ಮವನ್ನು ಸುಡುತ್ತವೆ, ಹಾಲನ್ನೂ ಕೆಡಿಸುತ್ತವೆ.

ಪ್ರಶ್ನೆ: ಲಸಿಕೆ ಇದೆಯೇ?
ಉತ್ತರ: ಕೆಚ್ಚಲಿನ ಮೊಡವೆಗೆ ಕೈ ತೊಳೆಯುವುದೇ ಲಸಿಕೆ. ಕಾಲುಬಾಯಿ ಜ್ವರಕ್ಕೆ ಆರು ತಿಂಗಳಿಗೊಮ್ಮೆ, ಚರ್ಮಗಂಟು ರೋಗಕ್ಕೆ ವರ್ಷಕ್ಕೊಮ್ಮೆ ಲಸಿಕೆ ಹಾಕಿಸಿರಿ. ಲಸಿಕೆ ಹಾಕುವವರು ಊರಿಗೆ ಬಂದ ದಿನ ದನಗಳನ್ನು ಮೇಯಲು ಬಿಡದೆ ಮನೆಯಲ್ಲಿಯೇ ಕಟ್ಟಿರಿ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ವಿನಂತಿ. ಒಂದೇ ಓಣಿಯ ಎರಡು ಮೂರು ಮನೆಗಳಲ್ಲಿ ಗುಳ್ಳೆ ಕಂಡ ಸುದ್ದಿ ಬಂದರೆ ಕಾಯದೆ ಒಕ್ಕೂಟದ ಪಶುವೈದ್ಯ ಶಿಬಿರಕ್ಕೆ ಅಥವಾ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿರಿ. ಪಶುಪಾಲನಾ ಇಲಾಖೆಯ 1962 ಸಹಾಯವಾಣಿಗೂ ಕರೆ ಮಾಡಬಹುದು. ಸದಸ್ಯರು ಇಂದು ಸಂಜೆಯಿಂದಲೇ ಎರಡು ಕೆಲಸ ಶುರು ಮಾಡಲಿ: ಹಿಂಡುವ ಜಾಗದಲ್ಲಿ ಒಂದು ಸಾಬೂನು ಇಡುವುದು, ಗುಳ್ಳೆ ಇರುವ ಆಕಳನ್ನು ಕಡೆಗೆ ಹಿಂಡುವುದು.